ಮಾವನ ತೊಂಬತ್ತೆಂಟು ಅಂಕ

ಮೂವತ್ತೆರಡು ವರ್ಷ ಸರ್ವೆ ಇಲಾಖೆಯಲ್ಲಿ ಬಿಸಿಲು ಕುಡಿದು, ನಕ್ಷೆ ಬರೆದು ನಿವೃತ್ತರಾದ ಮಾವ, ಮನೆಯಲ್ಲಿ ಕೈಕಟ್ಟಿ ಕೂರಲಾರದೆ ಭೂಗೋಳದ ಎಂ.ಎ.ಗೆ ಸೇರಿಕೊಂಡರು. ಅದೇ ವಿಶ್ವವಿದ್ಯಾಲಯದ ಕಚೇರಿಯಲ್ಲಿ ಸೊಸೆ ಗುಮಾಸ್ತೆ. ಯಾರು ಯಾವ ಕೋರ್ಸು ಮುಗಿಸಿದ್ದಾರೆ, ಅದರಲ್ಲಿ ಯಾವುದು ಪದವಿಗೆ ಸೇರುತ್ತದೆ, ಯಾವುದು ಸೇರುವುದಿಲ್ಲ ಎಂದು ನೋಡುವುದೇ ಅವಳ ಕೆಲಸ. ಮಾವ ಸೇರಿದ ದಿನವೇ, "ಆಫೀಸಿನ ಮಾತು ಮನೇಲಿ ಬೇಡ. ನನಗೆ ಯಾರ ಶಿಫಾರಸೂ ಬೇಡ" ಎಂದು ಗತ್ತಿನಿಂದ ಹೇಳಿಬಿಟ್ಟಿದ್ದರು.

ಕೊನೆಯ ಸೆಮಿಸ್ಟರ್ ಮುಗಿದ ಮೇಲೆ ಪದವಿಯ ಅರ್ಜಿ, ಟೋಕನ್ ಹಿಡಿದು ಅವಳ ಕಿಟಕಿಯ ಮುಂದೆ ನಿಂತರು. ಬೆಳಿಗ್ಗೆ ಅವರ ಎದುರಿಗೇ ಕೂತು ತಿಂಡಿ ತಿಂದಿದ್ದ ಸೊಸೆ, "ಹೇಳಿ ಸರ್" ಎಂದಳು. ಅರ್ಜಿಯ ಮೇಲೆ ಪೆನ್ಸಿಲ್ ಓಡಿಸಿ ಒಂದು ಕಡೆ ನಿಲ್ಲಿಸಿದಳು.

"ಒಂದು ಕೋರ್ಸು ಕಮ್ಮಿ ಇದೆ. ಈ 'ನಕ್ಷೆ ಓದುವ ಬಗೆ' ಲೆಕ್ಕಕ್ಕೆ ಬರಲ್ಲ. ಇದು ಬಿ.ಎ. ಮೊದಲನೇ ವರ್ಷದವರಿಗೆ."

"ಅದರಲ್ಲಿ ತೊಂಬತ್ತೆಂಟು ಬಂದಿದೆ ಕಣಮ್ಮ!"

"ನೂರ ಹತ್ತು ಬಂದಿದ್ರೂ ಬರಲ್ಲ ಸರ್."

ಅವತ್ತು ಊಟಕ್ಕೆ ಕೂತಾಗ ಮಾವನ ಮುಖ ಊದಿಕೊಂಡಿತ್ತು. "ನಿನ್ನ ಹೆಂಡತಿಗೆ ಹೇಳು, ಉಪ್ಪು ಈ ಕಡೆ ತಳ್ಳಲಿ" ಎಂದು ಮಗನಿಗೆ ಹೇಳಿದರು. ಒಂದು ವಾರ ಮಗನಿಗೆ ಇಬ್ಬರ ನಡುವೆ ಟಪಾಲು ಹಂಚುವುದೇ ಕೆಲಸವಾಯಿತು.

ಮಾವ ಬಿಡುವವರಲ್ಲ. ಮೇಲ್ಮನವಿ ಹಾಕಿದರು. ಸಮಿತಿಯ ಮುಂದೆ ಆ ಕೋರ್ಸಿನ ಮೇಷ್ಟ್ರನ್ನು ಕರೆಸಲಾಯಿತು. ಇನ್ನೂ ಮೀಸೆ ಚಿಗುರುತ್ತಿದ್ದ ಮೇಷ್ಟ್ರು ತಲೆ ಕೆರೆದುಕೊಂಡು, "ನಿಜ ಹೇಳ್ಬೇಕಂದ್ರೆ ಅರ್ಧ ಪಾಠ ಇವರೇ ಮಾಡಿದ್ದು. ನಾನು ಹಿಂದಿನ ಬೆಂಚಲ್ಲಿ ಕೂತು ನೋಟ್ಸ್ ಬರ್ಕೊಂಡೆ" ಎಂದರು.

ಅಧ್ಯಕ್ಷರ ಮುಖ ಅರಳಿತು. "ಸರಿ ಹೋಯ್ತು! ಬೋಧನಾ ತರಬೇತಿ ಅಂತ ಬರೀರಿ. ಅದು ಎಂ.ಎ.ಗೆ ಸೇರುತ್ತೆ."

ಕಡತ ಹಿಡಿದು ಮೂಲೆಯಲ್ಲಿ ಕೂತಿದ್ದ ಸೊಸೆ ಕೆಮ್ಮಿದಳು. "ಒಂದೇ ಕ್ಲಾಸಿಗೆ ಮೇಷ್ಟ್ರೂ ಇವರೇ, ವಿದ್ಯಾರ್ಥೀನೂ ಇವರೇ ಆಗೋಕಾಗಲ್ಲ ಸರ್. ಹಾಗೆ ಬರೆದರೆ ಅಂಕಪಟ್ಟಿಯಿಂದ ಆ ತೊಂಬತ್ತೆಂಟು ತೆಗೀಬೇಕು."

ಮಾವ ಕಕ್ಕಾಬಿಕ್ಕಿಯಾದರು. ಹುಟ್ಟಿದಾಗಿನಿಂದ ಬೇರೆ ಯಾವ ಪರೀಕ್ಷೆಯಲ್ಲೂ ಐವತ್ತು ದಾಟಿದವರಲ್ಲ. ಆ ಅಂಕಪಟ್ಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಹಾಲಿನವನಿಗೂ ತೋರಿಸಿದ್ದರು. ಎದ್ದು ನಿಂತು, "ಬೇಡ. ಇನ್ನೊಂದು ಸೆಮಿಸ್ಟರ್ ಓದ್ತೀನಿ, ಅದನ್ನ ಮಾತ್ರ ಮುಟ್ಟಬೇಡಿ" ಎಂದರು.

ಅವತ್ತು ಸಂಜೆ ಅವರೇ ಕೋರ್ಸುಗಳ ಪಟ್ಟಿ ತಂದು ಸೊಸೆಯ ಮುಂದೆ ಹರಡಿ, "ನೋಡಮ್ಮ, ಯಾವುದು ಲೆಕ್ಕಕ್ಕೆ ಬರುತ್ತೆ?" ಎಂದರು. ತಮ್ಮದೇ ಕಟ್ಟಪ್ಪಣೆ ಮುರಿದದ್ದು ಅವರಿಗೆ ನೆನಪಿದ್ದಂತೆ ಕಾಣಲಿಲ್ಲ. ಅವಳೂ ನೆನಪಿಸಲಿಲ್ಲ. ಅವರ ಸಮಯಕ್ಕೆ ಹೊಂದುವಂತೆ ಉಳಿದಿದ್ದದ್ದು ಒಂದೇ: ಹವಾಮಾನದ ಸಂಖ್ಯಾಶಾಸ್ತ್ರ.

ಅದರ ಪಾಠ ಮಾಡುವ ಮೇಡಂ ಕ್ಲಾಸಿನಲ್ಲಿ ಯಾರಿಗೂ ಬಾಯಿ ಬಿಡಲು ಬಿಡಲಿಲ್ಲ. ಸೂತ್ರಗಳು ಒಂದೂ ಮಾವನ ತಲೆಗೆ ಹತ್ತಲಿಲ್ಲ. ಸೊಸೆ ಅಡುಗೆ ಮಾಡುತ್ತಲೇ ಪ್ರಶ್ನೆ ಕೇಳಿ ಉರು ಹೊಡೆಸಿದಳು. ಪಾಸಾಗಲು ನಲವತ್ತು ಬೇಕಿತ್ತು. ನಲವತ್ತೊಂದು ಬಂತು.

ಮೊಹರು ಬಿದ್ದ ಅರ್ಜಿಯನ್ನು ಸೊಸೆ ಖುದ್ದು ಮನೆಗೆ ತಂದಳು. "ಎಂ.ಎ. ಆಯ್ತು ಮಾವ!"

"ನಲವತ್ತೊಂದು ಲೆಕ್ಕಕ್ಕೆ ಬಂತಾ?"

"ಪೂರ್ತಿ ಬಂತು."

"ಗೊತ್ತಿರೋದು ಲೆಕ್ಕಕ್ಕಿಲ್ಲ, ಗೊತ್ತಿಲ್ಲದ್ದಕ್ಕೆ ಡಿಗ್ರಿ!" ಎಂದು ಗೊಣಗುತ್ತಲೇ ಮಾವ ಚಪ್ಪಲಿ ಮೆಟ್ಟಿ, ಬೀದಿಯವರಿಗೆಲ್ಲ ಸುದ್ದಿ ಮುಟ್ಟಿಸಲು ಹೊರಟರು.