ಅರ್ಥ ಹೇಳುವವನ ಮಣೆ

ಮಡಕಶಿರದ ಕೋಟೆಬೆಟ್ಟದ ಮೇಲೆ ಆ ಅಪರಾಹ್ನ ಬಿಸಿಲು ಹಗೆಯಂತೆ ಎರಗುತ್ತಿತ್ತು. ಬಂಡೆಗಳು ಸಿಟ್ಟಿನಿಂದ ಬಿಗಿದ ಹಲ್ಲುಗಳಂತೆ ಹೊಳೆಯುತ್ತಿದ್ದವು. ಕಡಲೆಕಾಯಿ ಹೊಲಗಳನ್ನು ದಾಟಿ ಬಂದ ಗಾಳಿ ಪೇಟೆಯ ಮುಖಕ್ಕೆ ಧೂಳೆರಚುತ್ತಿತ್ತು. ದಿಗಂತದಲ್ಲಿ ಕೂಡಿದ ಕಾರ್ಮೋಡವೂ ಯಾರೋ ಆಡದೆ ನುಂಗಿಕೊಂಡ ಬೈಗುಳದಂತೆ ಕಪ್ಪಿಟ್ಟಿತ್ತು... ಸಹೃದಯರೇ, ಶೋಕವೂ ಇಷ್ಟು ನಿಷ್ಠುರವಾಗಬಲ್ಲದೆಂದು ಯಾರು ಬಲ್ಲರು!

ಸಂತಾಪ ಸಭೆಯ ಶಾಮಿಯಾನದಲ್ಲಿ ಒಂದೇ ಫ್ಲೆಕ್ಸಿನೊಳಗೆ ಇಬ್ಬರು ನಾಯಕರು ನಗುತ್ತಿದ್ದರು. ಒಬ್ಬರು ಮಡಕಶಿರದ ದೊಡ್ಡತಿಮ್ಮಪ್ಪನವರು, ಇನ್ನೊಬ್ಬರು ರಾಯದುರ್ಗದ ಸಿದ್ದರಾಮೇಶರು. ಬದುಕಿರುವಾಗ ಒಂದೇ ವೇದಿಕೆ ಹತ್ತದ ಆ ವೈರಿಗಳು ಒಂದೇ ಕಾರಿನಲ್ಲಿ, ಒಂದೇ ಅಪಘಾತದಲ್ಲಿ ಅಸ್ತಂಗತರಾಗಿದ್ದರು. ಜೊತೆಯಾಗಿ ಏಕೆ ಹೊರಟಿದ್ದರೆಂದು ಜನಕ್ಕೆ ತಿಳಿಯದು. ಆದ್ದರಿಂದಲೇ ಎರಡು ಪಾಳೆಯಗಳೂ ಪರಸ್ಪರ ಸಂಶಯದ ಕತ್ತಿ ಮಸೆಯುತ್ತಿದ್ದವು.

ತಿಳಿದಿದ್ದವರು ಇಬ್ಬರೇ. ಸಿದ್ದರಾಮೇಶರ ಮಗಳು, ಮಡಕಶಿರದಲ್ಲಿ ಕನ್ನಡ ಉಪನ್ಯಾಸಕಿಯಾಗಿದ್ದ ಭುವನೇಶ್ವರಿ. ದೊಡ್ಡತಿಮ್ಮಪ್ಪನವರ ತಂಗಿಯ ಮಗ ವಾಗೀಶ್. ಶ್ರಾವಣದ ಸಂಜೆಗಳಲ್ಲಿ ಸಮೀಪದ ಹೇಮಾವತಿ ಗ್ರಾಮದ ದೇಗುಲದಂಗಳದಲ್ಲಿ ಅವಳು ಹಳಗನ್ನಡ ಕಾವ್ಯವನ್ನು ರಾಗವಾಗಿ ಓದುವಳು. ಪಕ್ಕದ ಮಣೆಯಲ್ಲಿ ಕುಳಿತು ಅವನು ಅರ್ಥ ಹೇಳುವನು. ಪದ್ಯಕ್ಕೂ ಅರ್ಥಕ್ಕೂ ನಡುವಿನ ಆ ಕಿರುಮೌನದಲ್ಲಿ, ಮೊದಲ ಮಳೆ ಕಂಡ ನೆಲದಂತೆ, ಪ್ರೇಮವು ಘಮಘಮಿಸಿತ್ತು... ಅವರ ಲಗ್ನ ನಿಶ್ಚಯಿಸಲೆಂದೇ ಹಿರಿಯರಿಬ್ಬರೂ ಹಿಂಬಾಲಕರ ಕಣ್ಣು ತಪ್ಪಿಸಿ ರಾಯದುರ್ಗಕ್ಕೆ ಹೊರಟಿದ್ದರು!

ಆ ದುರ್ದಿನದಿಂದ ಭುವನೇಶ್ವರಿಯನ್ನು ಹಿಡಿದು ನಿಲ್ಲಿಸಿದ್ದು ಆ ಪುರಾತನ ಕಾವ್ಯವೊಂದೇ. ಇಂದು ಈ ಸಭೆಯಲ್ಲಿ ಓದಲು ಅವಳು ಆರಿಸಿಕೊಂಡಿದ್ದು, ಯುದ್ಧ ಮುಗಿದ ಸಂಜೆ ಗೆದ್ದವನು ಬಿದ್ದ ವೈರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುವ ಭಾಗ. ಅವಳ ಪಕ್ಕದ ಮಣೆ ಬರಿದಾಗಿತ್ತು. ವಾಗೀಶ್ ತನ್ನವರ ನಡುವೆ ತಲೆ ತಗ್ಗಿಸಿ ನಿಂತಿದ್ದ; ಅವಳೆಡೆಗೆ ಒಂದು ಹೆಜ್ಜೆಯಿಟ್ಟರೂ ದ್ರೋಹಿಯೆನಿಸುವನು.

ಮೊದಲ ಪದ್ಯ ಮುಗಿಯಿತು. ಅರ್ಥ ಹೇಳುವವರಿಲ್ಲ.

“ಏನಮ್ಮೋ, ರಾಗ ಎಳ್ದು ಮರೆಸ್ತೀಯ?” ದೊಡ್ಡತಿಮ್ಮಪ್ಪನವರ ಕಡೆಯ ಮಾರುತಿ ಎದ್ದ. “ನಿಮ್ಮಪ್ಪ ಬಂದು ನಮ್ಮಣ್ಣನ್ನ ಕರ್ಕಂಡ್ ಹೋಗಿದ್ಯಾಕೆ? ಅದನ್ನ ಹೇಳು!”

“ಯಾಕ್ರಿ, ಕಾರು ಓಡಿಸಿದ್ದು ನಿಮ್ಮಣ್ಣನೇ ಅಲ್ಲೇನ್ರಿ?” ರಾಯದುರ್ಗದ ಜಯಣ್ಣ ಗುಡುಗಿದ. “ಸ್ಟೀರಿಂಗ್ ಹಿಡಿಯಾಕ ಬರದಿದ್ರೂ ಗತ್ತು ಭಾಳ ಇತ್ತು ಬಿಡ್ರಿ!”

ಕುರ್ಚಿಗಳು ಮೇಲೆದ್ದವು. ಭುವನೇಶ್ವರಿ ಎರಡನೆಯ ಪದ್ಯವನ್ನೆತ್ತಿದಳು. ಆಗ ವಾಗೀಶ್ ನಡೆದ! ಯಾರದೋ ಕೈ ಅವನ ಅಂಗಿಯ ಕಾಲರನ್ನು ಹರಿಯಿತು, ಯಾರೋ ಉಗಿದರು. ಅವನು ಬಂದು ಮಣೆಯ ಮೇಲೆ ಕುಳಿತ.

“ಅರ್ಥ ಕೇಳ್ರಪ್ಪ. ಇವನಿಲ್ದಿದ್ರೆ ನಾನು ಯಾರ ಎದುರಿಗೆ ದೊಡ್ಡೋನು ಅಂತ ಗೆದ್ದೋನು ಅಳ್ತಾನೆ. ಪದ್ಯದಾಗೆ ಇರೋದು ಇಷ್ಟು. ಪದ್ಯದಾಗೆ ಇಲ್ಲದ್ದು ಒಂದೈತೆ. ನಮ್ಮಾವ, ಇವರ ತಂದೆ, ಇಬ್ರೂ ಹೊಂಟಿದ್ದು ನಮ್ಮಿಬ್ರ ಲಗ್ನದ ಮಾತಿಗೆ.”

ದೊಡ್ಡತಿಮ್ಮಪ್ಪನವರ ಪತ್ನಿ ಸಣ್ಣಕ್ಕ ನಿಧಾನವಾಗಿ ಎದ್ದಳು.

“ಹಂಗಾರೆ ನಿನ್ನ ಮದ್ವೆಗೆ ನನ್ನ ತಾಳಿ ಹೋಯ್ತೇನೋ, ಪಾಪಿ?”

“ಹೌದು, ಅತ್ತೆ.”

ಆ ಕ್ಷಣದಲ್ಲಿ ಎರಡು ಪಾಳೆಯಗಳ ದ್ವೇಷವೂ ಆ ಇಬ್ಬರ ಮೇಲೆಯೇ ಕವಿಯಿತು. ಸಣ್ಣಕ್ಕನ ಕಣ್ಣಿನಲ್ಲಿ ಕರುಣೆಯ ಲವಲೇಶವಿರಲಿಲ್ಲ.

“ಹೋಗೋ ಮುಂಜಾನೆ ನನ್ ಗಂಡ ಗಡ್ಡ ಹೆರ್ಕಂತಾ, ‘ಆ ಹುಡ್ಗಿ ಭಾರಿ ಚೆಂದ ಓದ್ತಾಳೆ ಕಣೇ’ ಅಂದ. ಯಾವ ಹುಡ್ಗಿ ಅಂತ ನಾನು ಕೇಳ್ಲಿಲ್ಲ...” ಅವಳು ಭುವನೇಶ್ವರಿಗೆ ಬೆನ್ನು ಮಾಡಿ ಕುಳಿತು ಸೆರಗು ಹೊದ್ದಳು. “ನಿನ್ನ ಮುಖ ನೋಡಕಿಲ್ಲ ನಾನು. ಓದು.”

“ಓದ್ತೀನ್ರಿ, ಅಮ್ಮಾ.”

ಎತ್ತಿದ ಕುರ್ಚಿಗಳು ಒಂದೊಂದಾಗಿ ನೆಲಕ್ಕಿಳಿದವು. ಯಾರೂ ಯಾರನ್ನೂ ಕ್ಷಮಿಸಲಿಲ್ಲ, ಮೋಡವೂ ಕರಗಲಿಲ್ಲ. ಆದರೂ ಸೆರಗಿನ ಮರೆಯಲ್ಲಿ ಆ ಭುಜಗಳು ಪದ್ಯದ ಲಯಕ್ಕೆ ಕಂಪಿಸುತ್ತಿದ್ದವು... ಕಾವ್ಯವು ಹಗೆಯನ್ನು ಅಳಿಸಲಾರದೇನೋ! ಆದರೆ ಮುಖ ತಿರುಗಿಸಿಕೊಂಡು ಕುಳಿತವರ ಬೆನ್ನನ್ನೂ ಅದು ಮೆಲ್ಲನೆ ನೇವರಿಸಬಲ್ಲದು. ಮನುಷ್ಯಹೃದಯವು ತನ್ನ ಕಣ್ಣೀರಿಗೆ ಆ ಸ್ಪರ್ಶವನ್ನಲ್ಲದೆ ಇನ್ನೇನನ್ನು ತಾನೇ ಬೇಡೀತು!