ಗಾಳಿಯ ಸ್ವಿಚ್ಚು

ಕಿಟ್ಟಣ್ಣ ತನ್ನ ಮೇಸ್ತ್ರಿ ಐತಪ್ಪನ ಚಟ್ಟದ ಕೊನೆಯ ಗಂಟು ಬಿಗಿಯುತ್ತಿದ್ದಾಗ ವರ್ಕ್‌ಶಾಪಿನ ಧಣಿ ಸೋಮಲಿಂಗಪ್ಪನವರು ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತರು. ಜೇಬಿನಿಂದ ಮಡಿಸಿದ ಕಾಗದ ತೆಗೆದರು.

“ಇದಕ್ಕೊಂದು ಸಹಿ ಹಾಕಪಾ. ಸಂಜಿಗೆ ಪೊಲೀಸರು ಬರ್ತಾರ.”

“ಎಂತ ಬರೆದುಂಟು ಧಣಿ?”

“ಐತಪ್ಪ ಯಾರನ್ನೂ ಕೇಳದ ಮಷೀನು ಬಿಚ್ಚಿದ, ತಾನ ಚಾಲೂ ಮಾಡಿದ. ಅಷ್ಟ.” ಅವರು ದನಿ ತಗ್ಗಿಸಿದರು. “ನಾಳಿಂದ ಮೇಸ್ತ್ರಿ ನೀನ.”

ಕಿಟ್ಟಣ್ಣ ಹಗ್ಗದಿಂದ ಕೈ ತೆಗೆಯಲಿಲ್ಲ. ಕಾಗದವನ್ನು ಸೋಮಲಿಂಗಪ್ಪನವರೇ ಅವನ ಜೇಬಿಗೆ ತುರುಕಿ ಎದ್ದರು.

ನಿನ್ನೆ ಮಧ್ಯಾಹ್ನ ಗಾಳಿಯ ಟ್ಯಾಂಕಿ ಸಿಡಿದಿತ್ತು. ಇವತ್ತು ಬೆಳಿಗ್ಗೆ ಆಸ್ಪತ್ರೆಯಿಂದ ಐತಪ್ಪನನ್ನು ಬಿಳಿಬಟ್ಟೆಯಲ್ಲಿ ಮುಖವೂ ಕಾಣದಂತೆ ಸುತ್ತಿ ಕೊಟ್ಟಿದ್ದರು. “ಅಪ್ಪಾ ಮುಗತ್ತೆ ಏನ್ ಮೂಡಿಟ್ಟಾಂಗ?” ಅಪ್ಪನ ಮುಖ ಯಾಕೆ ಮುಚ್ಚಿದ್ದಾರೆ ಎಂದು ಹತ್ತು ವರ್ಷದ ವಿಮಲಾ ತಮಿಳಿನಲ್ಲಿ ಕೇಳುತ್ತಲೇ ಇದ್ದಳು. ತಾಯಿ ಸರಸ ಅವಳನ್ನು ಮಡಿಲಿಗೆ ಎಳೆದುಕೊಂಡಳು.

“ನಿನ್ನೆ ಕೆಲಸಕ್ಕೆ ಹೊರಟವರು ನಿಂತು ನನ್ನ ಸ್ಟೌವಿಗೆ ವಾಷರು ಹಾಕಿಕೊಟ್ಟರು,” ಎಂದರು ಪಕ್ಕದ ಮನೆಯ ಗೋದಾಬಾಯಿ. “ಕಾಫಿ ಕುಡಿದು ಹೋಗಿ ಅಂದೆ. ಹೊತ್ತಾಯ್ತು ಅಂದ್ರು.”

ಆ ವಠಾರದ ಹದಿನಾರು ಮನೆಯ ಸ್ಟೌವುಗಳೂ ಐತಪ್ಪನ ಕೈಯಲ್ಲಿ ರಿಪೇರಿಯಾದವೇ. ಹದಿನೈದನೆಯ ವಯಸ್ಸಿಗೆ ಉಡುಪಿ ಕಡೆಯಿಂದ ಟಿ. ನಗರದ ಹೋಟೆಲಿಗೆ ಲೋಟ ತೊಳೆಯಲು ಬಂದವನು, ಅಲ್ಲಿ ಕೆಟ್ಟು ನಿಂತ ರುಬ್ಬುವ ಯಂತ್ರವನ್ನು ಬಿಚ್ಚಿ ಜೋಡಿಸಿದ ದಿನದಿಂದ ಮೆಕ್ಯಾನಿಕ್ಕಾದ. ಮೂವತ್ತು ವರ್ಷ ಅದೇ ಬದುಕು.

*

ಕಾರಿಗೆ ಬಣ್ಣ ಹೊಡೆಯಲು ಟ್ಯಾಂಕಿಗೆ ಗಾಳಿ ತುಂಬುವ ಆ ಸಣ್ಣ ಕಂಪ್ರೆಸರು, ಒತ್ತಡ ನೂರಿಪ್ಪತ್ತು ಪೌಂಡು ಮುಟ್ಟಿದಾಗ ತಾನಾಗಿ ನಿಲ್ಲಬೇಕಿತ್ತು, ನಿಲ್ಲುತ್ತಿರಲಿಲ್ಲ. ನಿನ್ನೆ ಬೆಳಿಗ್ಗೆ ಐತಪ್ಪ ಮೇನ್ ಸ್ವಿಚ್ಚು ಇಳಿಸಿ, ಟ್ಯಾಂಕಿಯ ಗಾಳಿಯೆಲ್ಲ ಬಿಟ್ಟು, ಗಾಳಿ ಸ್ವಿಚ್ಚಿನ ಮುಚ್ಚಳ ತೆಗೆದ. ಒಳಗಿನ ತಾಮ್ರದ ಬಿಲ್ಲೆಗಳು ಸುಟ್ಟು ಕಪ್ಪಾಗಿದ್ದವು. ಅವನ್ನು ಉಜ್ಜಿದ. ಸ್ಪ್ರಿಂಗು ಸಡಿಲಿಸಿ ನೋಡಿದ. ಮತ್ತೆ ಓಡಿಸಿದರೆ ಅದೇ ಕತೆ. ಕೊನೆಗೆ ಟ್ಯಾಂಕಿಯಿಂದ ಸ್ವಿಚ್ಚಿಗೆ ಹೋಗುವ ಬೆರಳ ಗಾತ್ರದ ಪೈಪು ಕಳಚಿ ಬಾಯಿಟ್ಟು ಊದಿದ. ಕೆನ್ನೆ ಉಬ್ಬಿತು, ಗಾಳಿ ದಾಟಲಿಲ್ಲ. ಒಳಗೆಲ್ಲ ತುಕ್ಕು, ಎಣ್ಣೆಯ ಜಿಡ್ಡು.

“ಸ್ವಿಚ್ಚಿಗೆ ಎಂತದೂ ಆಗಲಿಲ್ಲ ಮಾರಾಯ,” ಎಂದು ಪಕ್ಕದಲ್ಲಿದ್ದ ಕಿಟ್ಟಣ್ಣನಿಗೆ ಹೇಳಿದ. “ಒಳಗೆ ಎಷ್ಟು ಗಾಳಿ ತುಂಬಿತು ಅಂತ ಅದಕ್ಕೆ ಗೊತ್ತೇ ಆಗುವುದಿಲ್ಲ. ಮತ್ತೆ ನಿಲ್ಲಿಸುವುದು ಹೇಗೆ?”

ತಂತಿ ತೂರಿಸಿದರೂ ಜಿಡ್ಡು ಬಿಡಲಿಲ್ಲ. ಪೈಪನ್ನು ಹಾಗೇ ಮೊದಲಿನ ಜಾಗಕ್ಕೆ ತಿರುಗಿಸಿ ಕೂರಿಸಿ ಹೊಸದು ತರಲು ಹೊರಟ. ಸೋರುತ್ತದೆಂದು ಧಣಿ ಬೋಲ್ಟು ಹೊಡೆಸಿ ಮುಚ್ಚಿದ್ದ, ಒತ್ತಡ ಮೀರಿದರೆ ಗಾಳಿ ಹೊರಬಿಡುವ ಸೇಫ್ಟಿ ವಾಲ್ವನ್ನು ಹೋಗುವಾಗ ಕಿಟ್ಟಣ್ಣನಿಗೆ ತೋರಿಸಿದ. “ಇದೂ ಇಲ್ಲ, ಅದೂ ಇಲ್ಲ. ನಾನು ಬರುವವರೆಗೆ ಮುಟ್ಟಬೇಡ.”

ಅವನು ಬೀದಿ ದಾಟಿದ ಮೇಲೆ ಸೋಮಲಿಂಗಪ್ಪನವರು ಬಂದರು. ಮದುವೆಯ ಕಾರು ಮೂರು ಗಂಟೆಗೆ ಹೋಗಬೇಕಿತ್ತು.

“ಮೀಟರಿನ ಮುಳ್ಳು ನೋಡ್ಕೋತ ಹೊಡಿ. ನೂರಿಪ್ಪತ್ತಕ್ಕ ಕೈಯಿಂದ ಆಫ್ ಮಾಡು. ಕಣ್ಣಿಲ್ಲೇನು ನಿನಗ?”

ಕಿಟ್ಟಣ್ಣ ಮೇನ್ ಸ್ವಿಚ್ಚು ಏರಿಸಿದ. ಬಾಗಿಲೊಂದಕ್ಕೆ ಬಣ್ಣ ಹೊಡೆದು, ಬಣ್ಣ ಚಿಮ್ಮಿಸುವ ಗನ್ನು ಕೆಳಗಿಟ್ಟು, ಮುಂದಿನ ಬಾಗಿಲಿಗೆ ಕಾಗದ ಅಂಟಿಸಲು ಮುಳ್ಳಿಗೆ ಬೆನ್ನು ತಿರುಗಿಸಿದ.

*

“ಬೆಂಕಿ ಹಿಡಿಯುವವರು ಯಾರು?” ಎಂದು ಪುರೋಹಿತರು ಕೇಳಿದರು.

ಸರಸ ಜಗಲಿಗೆ ಬಂದಳು. “ಕಿಟ್ಟಣ್ಣ, ಊರಿನವರು ಬಂದು ಮುಟ್ಟುವಾಗ ನಾಳೆಯಾಗ್ತದೆ. ಅವರಿಗೆ ತಮ್ಮ ಅಂತ ಇದ್ದದ್ದು ನೀವೇ. ನೀವೇ ಹಿಡಿಯಬೇಕು.”

“ಆಗುವುದಿಲ್ಲ ಅತ್ತಿಗೆ.”

“ಯಾಕೆ?”

ಅವನು ನೆಲ ನೋಡಿದ. “ಮಷೀನು ಹಾಕಿದ್ದು ಅಣ್ಣ ಅಲ್ಲ. ನಾನು. ಪೈಪು ತರಲಿಕ್ಕೆ ಹೋಗುವಾಗ ಮುಟ್ಟಬೇಡ ಅಂದಿದ್ದರು. ಧಣಿ ಹಾಕು ಅಂದರು, ಹಾಕಿದೆ.”

“ಕಿಟ್ಟ್ಯಾ!” ಸೋಮಲಿಂಗಪ್ಪನವರು ಮುಂದೆ ಬಂದರು. “ತಲಿ ಕೆಟ್ಟೈತೇನು? ಜೇಲಿಗೆ ಹೋಗಾಂವ ನೀನ, ನೆನಪಿಟ್ಕೋ.”

ಕಿಟ್ಟಣ್ಣ ಜೇಬಿನ ಕಾಗದ ತೆಗೆದು ಸರಸಳ ಕೈಗೆ ಕೊಟ್ಟ. ಅವಳು ನಿಂತಲ್ಲೇ ಓದಿದಳು. ತುಟಿ ಅಲುಗುತ್ತಿತ್ತು. ಓದಿ ಮುಗಿಸಿ, ಮಡಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಪೊಲೀಸಿನವರಿಗೆ ಇದನ್ನು ನಾನೇ ಕೊಡ್ತೇನೆ,” ಎಂದಳು, ಧಣಿಯ ಕಡೆ ನೋಡದೆ. ಆಮೇಲೆ ಕಿಟ್ಟಣ್ಣನನ್ನು ಕೇಳಿದಳು: “ನಿಮ್ಮ ಅಣ್ಣ ವಾಪಸು ಬಂದಾಗ ನೀವು ಎಲ್ಲಿದ್ದಿರಿ?”

“ಟ್ಯಾಂಕಿಯ ಹತ್ತಿರವೇ. ಮಷೀನಿನ ಶಬ್ದ ಕೇಳಿ ಅಣ್ಣ ಓಡಿಬಂದರು. ಹೊರಗೆ ಹೋಗು ಅಂತ ಕೂಗಿದರು. ನಾನು ಹೋದೆ. ಅವರು ಸ್ವಿಚ್ಚು ಇಳಿಸಲಿಕ್ಕೆ ಒಳಗೆ ಹೋದರು.”

ಸರಸ ಮೆಟ್ಟಿಲಿಳಿದು, ಬಾಗಿ, ಕೆಂಡದ ಮಡಕೆಯನ್ನು ಹಗ್ಗದ ಸಮೇತ ತಾನೇ ಎತ್ತಿ ಅವನ ಮುಂದೆ ಚಾಚಿದಳು.

“ಹಿಡಿಯಿರಿ.”

ನಾಲ್ವರು ಚಟ್ಟಕ್ಕೆ ಹೆಗಲು ಕೊಟ್ಟರು. ಕಿಟ್ಟಣ್ಣ ಎಲ್ಲರಿಗಿಂತ ಮುಂದೆ, ಒಬ್ಬನೇ ನಡೆದ. ಹಗ್ಗ ಗಿಡ್ಡವಾಗಿತ್ತು, ಪ್ರತಿ ಹೆಜ್ಜೆಗೂ ಕಾದ ಮಡಕೆ ಮೊಣಕಾಲಿಗೆ ತಾಗುತ್ತಿತ್ತು. ಸ್ಮಶಾನ ಇನ್ನೂ ಒಂದು ಮೈಲಿಯಿತ್ತು. ಅವನು ಕೈ ಬದಲಿಸಲಿಲ್ಲ.