ಹಾಕದೆ ಉಳಿದ ಪಿನ್ನು

ನಟ್ಟು ಬೋಲ್ಟುಗಳನ್ನು ಹಾಕಿಡುವ ತಟ್ಟೆಯನ್ನು ಒರೆಸುವಾಗ ಅದರ ಮೂಲೆಯಲ್ಲಿ ಏನೋ ಹೊಳೆಯಿತು. ಅಂಬಾದಾಸ ಎತ್ತಿ ನೋಡಿದ. ಅರ್ಧ ಬೆರಳುದ್ದದ ಪಿನ್ನು. ಹೊಸದು, ತುದಿಯನ್ನು ಇನ್ನೂ ಬಗ್ಗಿಸಿರಲಿಲ್ಲ. ಯಾವುದರದ್ದು ಎಂದು ಯೋಚಿಸುತ್ತಿದ್ದವನಿಗೆ ಒಮ್ಮೆಲೇ ನೆನಪಾಯಿತು.

ನಾಲ್ಕು ದಿನದ ಹಿಂದೆ ಕೂಕಟ್‌ಪಲ್ಲಿಗೆ ಕಳಿಸಿದ ಯಂತ್ರದ ಪಿನ್ನು ಅದು.

ತಾರ್ನಾಕದ ತನ್ನ ಮನೆಯ ಹಿತ್ತಲಿನಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಅಂಬಾದಾಸ ಹಳೆಯ ಕೈಟ್ರ್ಯಾಕ್ಟರುಗಳನ್ನು ಕೂಡಿಡುತ್ತಿದ್ದ. ಎರಡು ಗಾಲಿ, ಒಂದು ಸಣ್ಣ ಎಂಜಿನ್ನು, ನೇಗಿಲಿನ ಮೇಳಿಯ ಹಾಗೆ ಎರಡು ಹಿಡಿ. ನಡೆಸುವವನು ಹಿಂದೆ ನಡೆಯಬೇಕು. ನಲವತ್ತು ಐವತ್ತು ವರ್ಷದ ಹಿಂದೆ ಪರದೇಶದಿಂದ ಬಂದು, ಮಾವಿನ ತೋಟಗಳಲ್ಲಿ ದುಡಿದು, ಕೊನೆಗೆ ಗುಜರಿ ಸೇರಿದ್ದ ಏಳು ಯಂತ್ರಗಳು ಅವನ ಬಳಿ ಇದ್ದವು. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವನು. ತುಕ್ಕು ಕೆರೆದು, ಸಿಗದ ಭಾಗವನ್ನು ಲೇತಿನಲ್ಲಿ ತಾನೇ ಮಾಡಿ, ಬಣ್ಣ ಹಚ್ಚಿ, ರವಿವಾರಕ್ಕೊಮ್ಮೆ ಒಂದನ್ನು ಚಾಲೂ ಮಾಡಿ ಸದ್ದು ಕೇಳುತ್ತಿದ್ದ. ಅಷ್ಟೇ. ಅವನ ಕೈಗೆ ಬಂದ ಮೇಲೆ ಯಾವುದೂ ಹೊಲ ಕಂಡಿರಲಿಲ್ಲ.

ಒಂದು ರವಿವಾರ ಆ ಸದ್ದು ಕೇಳಿ ಗೇಟಿನ ಹತ್ತಿರ ಬಂದು ನಿಂತವಳು ಶಿವದೇವಿ. ಚಿಂಚೋಳಿ ಕಡೆಯಿಂದ ಈ ಶಹರಕ್ಕೆ ಇಟ್ಟಿಗೆ ಹೊರಲು ಬಂದಿದ್ದವಳು. ಗಂಡ ತೀರಿಕೊಂಡ ಮೇಲೆ ಭಾವ ಲಿಂಗಣ್ಣನ ಜೊತೆ ಕೂಕಟ್‌ಪಲ್ಲಿಯ ಅಂಚಿನಲ್ಲಿ ಒಂದು ತುಂಡು ನೆಲ ಗುತ್ತಿಗೆಗೆ ಹಿಡಿದು ಹುಲ್ಲು, ಗಿಡದ ನರ್ಸರಿ ಮಾಡಿದ್ದಳು. ಹೈಟೆಕ್ ಸಿಟಿ ಎದ್ದು ಮೂರು ವರ್ಷವಾಗಿತ್ತು. ಹೊಸ ಆಫೀಸುಗಳ ಮುಂದೆ ಹಾಸಲು ಹುಲ್ಲು, ನಿಲ್ಲಿಸಲು ಗಿಡ ಎಷ್ಟು ಬೆಳೆದರೂ ಸಾಲುತ್ತಿರಲಿಲ್ಲ.

“ಇದು ಸಾಲಿನ ನಡುವ ಹೊಕ್ಕತೇನ್ರಿ ಕಾಕಾ? ಎತ್ತು ಹೊಕ್ಕಂಗಿಲ್ಲ, ದೊಡ್ಡ ಟ್ರ್ಯಾಕ್ಟರಂತೂ ಹೊಕ್ಕೂದ ಇಲ್ಲ,” ಎಂದಿದ್ದಳು.

ಇಷ್ಟು ವರ್ಷಗಳಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಅಂಬಾದಾಸ ಹಿಗ್ಗಿಹೋಗಿ ಹಸಿರು ಬಣ್ಣದ ಯಂತ್ರವನ್ನು ಬಾಡಿಗೆಯಿಲ್ಲದೆ ಕೊಟ್ಟ. ಬಣ್ಣ ಒಣಗುವ ತನಕ ಇರಲಿ ಎಂದು ಕ್ಲಚ್ಚಿನ ಸಲಾಕೆಗೆ ತೆಳು ತಂತಿ ಸುತ್ತಿದ್ದ. ಆಮೇಲೆ ತಂತಿ ಬಿಚ್ಚಿ ಪಿನ್ನು ಹಾಕಬೇಕಿತ್ತು. ಹಾಕಿರಲಿಲ್ಲ. ತಂತಿ ತುಂಡಾದರೆ ಸಲಾಕೆ ಕಳಚುತ್ತದೆ. ಆಗ ಕ್ಲಚ್ ಎಷ್ಟು ಎಳೆದರೂ ಯಂತ್ರ ನಿಲ್ಲುವುದಿಲ್ಲ.

ಕೈ ಒರೆಸಿಕೊಳ್ಳದೆ ಒಳಗೆ ಓಡಿ ಫೋನು ತಿರುಗಿಸಿದ. ಅವಳು ಕೊಟ್ಟಿದ್ದು ನರ್ಸರಿಯ ಪಕ್ಕದ ಚಹಾದಂಗಡಿಯ ನಂಬರು. ಬಹಳ ಹೊತ್ತಿನ ಮೇಲೆ ಯಾರೋ ಎತ್ತಿ ತೆಲುಗಿನಲ್ಲಿ, ನರ್ಸರಿಯಲ್ಲಿ ಯಾರೂ ಕೆಲಸ ಮಾಡುತ್ತಿಲ್ಲ, ನಿನ್ನೆ ಏನೋ ಗಲಾಟೆಯಾಯಿತು ಎಂದು ಹೇಳಿ ಇಟ್ಟುಬಿಟ್ಟರು.

“ಏನಾತ್ರಿ?” ಎಂದಳು ಹೆಂಡತಿ ವಿಜಯಶ್ರೀ.

“ಬಂದು ಹೇಳ್ತೀನಿ,” ಎಂದವನೇ ಸ್ಪ್ಯಾನರು, ಇಕ್ಕಳ ಚೀಲಕ್ಕೆ ಹಾಕಿಕೊಂಡು ಹೊರಟ.

ಸಿಕಂದರಾಬಾದಿನಲ್ಲಿ ಬಸ್ಸು ಬದಲಿಸಿದ. ಸೀಟು ಸಿಕ್ಕರೂ ಕೂರಲಾಗಲಿಲ್ಲ. ಏನು ಗಲಾಟೆ? ಯಂತ್ರದ ಹಿಂಬದಿಯಲ್ಲಿ ತಿರುಗುತ್ತ ಮಣ್ಣು ಅಗೆಯುವ ಹಲ್ಲುಗಳಿಗೆ ಸೀರೆ ಸಿಕ್ಕಿತೇ? ಕಾಲು? ಅಲ್ಲಿ ಕೂಲಿಯವರ ಮಕ್ಕಳು ಆಡುತ್ತಿದ್ದುದನ್ನು ಯಂತ್ರ ಇಳಿಸುವಾಗ ತಾನೇ ನೋಡಿದ್ದ. ಬಾಲಾನಗರದ ಹತ್ತಿರ ಸಿಮೆಂಟು ಲಾರಿಗಳು ಅಡ್ಡ ನಿಂತು ಬಸ್ಸು ಅಲುಗಾಡಲಿಲ್ಲ. ಅಂಗಿಯ ಜೇಬಿನಲ್ಲಿದ್ದ ಪಿನ್ನನ್ನು ಮತ್ತೆ ಮತ್ತೆ ಮುಟ್ಟಿಕೊಂಡ. ಕಂಡಕ್ಟರ್ ಎರಡು ಸಲ ಕೇಳಿದ ಮೇಲೆ ಟಿಕೆಟ್ ತೆಗೆದುಕೊಂಡ.

ನರ್ಸರಿಯ ಗೇಟು ತೆರೆದೇ ಇತ್ತು. ಮೊದಲು ಕಂಡದ್ದು ಯಂತ್ರ. ನೀರಿನ ತೊಟ್ಟಿಯ ಗೋಡೆಗೆ ಮೂತಿ ಗುದ್ದಿ, ಒಂದು ಗಾಲಿ ಮೇಲೆತ್ತಿ ನಿಂತಿತ್ತು. ಅದರಾಚೆ ಹತ್ತು ಹೆಜ್ಜೆಗೆ ಕೂಲಿಯವರ ತಾಡಪಾಲಿನ ಗುಡಿಸಲುಗಳು. ಬೇವಿನ ಮರದ ಕೆಳಗೆ ಶಿವದೇವಿ ಕೂತಿದ್ದಳು. ಎಡಗೈಗೆ ಮೊಣಕೈವರೆಗೆ ಪ್ಲಾಸ್ಟರ್.

ಜೀವವಿದೆ. ಅಂಬಾದಾಸ ಅಲ್ಲೇ ಮರದ ಕಟ್ಟೆಯ ಮೇಲೆ ಕೂತ.

“ಬರ್ರಿ ಸಾಹೇಬ್ರ,” ಎಂದ ಅವಳ ಪಕ್ಕ ನಿಂತಿದ್ದ ಭಾವ ಲಿಂಗಣ್ಣ. “ನಿಮ್ಮ ಮಶೀನಿಗೆ ಏನಾಗೇತಿ ನೋಡ್ರಿ. ಹೆಂಗಸರ ಕೈಯಾಗ ಕೊಡಬ್ಯಾಡ್ರಿ ಅಂದಿದ್ದೆ. ಯಾವುದು ಎಳೀಬೇಕೋ ಯಾವುದು ಬಿಡಬೇಕೋ ತಿಳೀಲಿಲ್ಲ ಈಕಿಗೆ.”

“ಬ್ಯಾರೆ ಯಾರಿಗಾದ್ರೂ...?”

“ಯಾರಿಗೂ ಏನಾಗಿಲ್ರಿ ಕಾಕಾ,” ಎಂದಳು ಶಿವದೇವಿ. ಧ್ವನಿ ಸಣ್ಣಗಿತ್ತು. “ಗುಡಿಸಲ ಕಡೆ ಹೊಂಟಿತ್ತು. ಒಳಗ ಕೂಸು ಮಲಗಿತ್ತು. ಜಗ್ಗಿ ಜಗ್ಗಿ ತೊಟ್ಟಿ ಕಡೆ ತಿರುವಿದೆ. ಹಿಡಿ ಬಂದು ಕೈಗೆ ಬಡೀತು. ಕ್ಲಚ್ ಎಳದಿದ್ದೆ ಅಂತ ಅನಸ್ತೈತಿ. ಎಳದಿಲ್ಲೇನೋ. ಈಗ ನನಗ ಗೊತ್ತಾಗವಲ್ದು.”

“ಎಳದಿದ್ರ ನಿಲ್ತಿರಲಿಲ್ಲೇನು?” ಲಿಂಗಣ್ಣ ಅಂಬಾದಾಸನ ಕಡೆ ತಿರುಗಿದ. “ಕೈ ನೆಟ್ಟಗಾದ ಮ್ಯಾಲೆ ಮತ್ತ ಬಿಲ್ಡಿಂಗ್ ಕೆಲಸಕ್ಕ ಹೋಗ್ತಾಳ್ರಿ. ಈ ನೆಲ ನಾನೊಬ್ಬನ ನೋಡ್ಕೋತೀನಿ.”

ಶಿವದೇವಿ ಸಾಲುಗಳ ಕಡೆ ನೋಡುತ್ತಿದ್ದಳು.

ಅಂಬಾದಾಸ ಎದ್ದು ಯಂತ್ರದ ಬಳಿ ಹೋಗಿ ಬಗ್ಗಿದ. ಸಲಾಕೆ ಕಳಚಿ ಜೋತುಬಿದ್ದಿತ್ತು. ತುಂಡಾದ ತಂತಿ ಅಲ್ಲೇ ಸಿಕ್ಕಿಕೊಂಡಿತ್ತು. ಅದನ್ನು ಕಿತ್ತು ಎಸೆದು, ಪಿನ್ನು ತೂರಿಸಿ ತುದಿ ಬಗ್ಗಿಸಲು ಅರ್ಧ ನಿಮಿಷವೂ ಬೇಡ. ಯಾರಿಗೂ ತಿಳಿಯುವುದಿಲ್ಲ. ಪೊಲೀಸ್ ಠಾಣೆ, ಓಣಿಯವರ ಮಾತು, ಗುಜರಿಯವನ ಗಾಡಿಯಲ್ಲಿ ಹೊರಟ ಏಳು ಯಂತ್ರ, ಎಲ್ಲವೂ ಕಣ್ಣ ಮುಂದೆ ಬಂದವು. ಪಿನ್ನು ಜೇಬಿನಿಂದ ತೆಗೆದ. ಅದು ಜಾರಿ ಮಣ್ಣಿಗೆ ಬಿತ್ತು. ಹುಡುಕಿ ಎತ್ತಿಕೊಂಡು, ತಂತಿಯ ತುಂಡನ್ನೂ ಬಿಡಿಸಿಕೊಂಡು ಮರದ ಕಡೆಗೆ ಬಂದ.

“ಲಿಂಗಣ್ಣ, ಆಕಿ ಕ್ಲಚ್ ಎಳದಾಳ. ಅದು ಹಿಡದಿಲ್ಲ. ಈ ಪಿನ್ನು ಹಾಕೂದು ನಾ ಮರೆತಿದ್ದೆ. ತಂತಿ ಕಟ್ಟಿ ಕಳಿಸಿದ್ದೆ. ಪಿನ್ನು ಇವತ್ತ ಮುಂಜಾನಿ ಸಿಕ್ತು. ತಪ್ಪು ನಂದು.”

ಲಿಂಗಣ್ಣ ಅಂಗೈ ಮೇಲಿನ ಪಿನ್ನನ್ನೂ ಅವನ ಮುಖವನ್ನೂ ನೋಡಿದ. “ಇದರ ಸಲುವಾಗಿ? ಕೂಸಿನ ಮ್ಯಾಲೆ ಹೋಗಿದ್ರ ಏನ್ ಮಾಡ್ತಿದ್ರಿ? ವಯಸ್ಸಾಗೈತಿ ಅಂತ ಸುಮ್ಮನದೀನಿ,” ಎಂದು ಕೂಗಾಡಿದ.

ಶಿವದೇವಿ ಎದ್ದು ಬಂದಳು. “ನಿನ್ನೆಯಿಂದ ನನ್ನ ಕೈನ ಬೈಕೋಳಾಕತ್ತಿದ್ದೆ ಕಾಕಾ,” ಎಂದಳು. ಕಣ್ಣು ತುಂಬಿದ್ದವು, ಆದರೆ ಅಳುತ್ತಿರಲಿಲ್ಲ, ಸಿಟ್ಟಾಗಿದ್ದಳು. “ರಾತ್ರಿ ಒಂದು ಗಳಿಗಿ ನಿದ್ದಿ ಇಲ್ಲ ನನಗ.” ಆಮೇಲೆ ಭಾವನ ಕಡೆ ತಿರುಗಿದಳು. “ಕೇಳಿದ್ರಲ್ಲ? ನಾ ಎಲ್ಲೂ ಹೋಗಂಗಿಲ್ಲ.”

ಲಿಂಗಣ್ಣ ಹೆಗಲ ಮೇಲಿನ ಟವೆಲ್ಲು ಕೊಡವಿ ಚಹಾದಂಗಡಿಯ ಕಡೆ ನಡೆದ.

“ಆಸ್ಪತ್ರಿ ಖರ್ಚು ನಾ ಕೊಡ್ತೀನವ್ವ. ಮಶೀನ ಒಯ್ತೀನಿ,” ಎಂದ ಅಂಬಾದಾಸ.

“ಹೆಂಗ ಒಯ್ತೀರಿ? ಆರು ಸಾಲು ಉಳದಾವು. ಶನಿವಾರ ಹುಲ್ಲು ಹಚ್ಚಬೇಕು. ರಿಪೇರಿ ಮಾಡ್ರಿ. ನೀವ ಹೊಡೀರಿ.”

ಅವನು ಪಿನ್ನು ಹಾಕಿ ತುದಿ ಬಗ್ಗಿಸಿದ. ಪ್ರತಿ ಬೋಲ್ಟನ್ನೂ ಎರಡೆರಡು ಸಲ ಬಿಗಿದ. ಶಿವದೇವಿ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೂ ಇದೇನು, ಇದು ಬಿಚ್ಚಿದರೆ ಏನಾಗುತ್ತದೆ ಎಂದು ಕೇಳುತ್ತ ಹೋದಳು. ಅವನು ಹೇಳುತ್ತ ಹೋದ. ಯಂತ್ರವನ್ನು ಗೋಡೆಯಿಂದ ಹಿಂದೆಳೆದು ಸಾಲಿಗೆ ತಂದು, ಗುಡಿಸಲಿನವರನ್ನೆಲ್ಲ ರಸ್ತೆಯ ಆಚೆ ಕಳಿಸಿದ ಮೇಲೆಯೇ ಎಂಜಿನ್ನಿನ ಹಗ್ಗ ಎಳೆದ. ಎರಡು ಹೆಜ್ಜೆ ಹೋಗಿ ಕ್ಲಚ್ ಎಳೆದ. ನಿಂತಿತು. ಮತ್ತೆ ಎರಡು ಹೆಜ್ಜೆ, ಮತ್ತೆ ಎಳೆದ.

ಹಸಿ ಮಣ್ಣಿನಲ್ಲಿ ಯಂತ್ರ ಹಿತ್ತಲಿನಲ್ಲಿದ್ದಷ್ಟು ಸಾಧುವಾಗಿರಲಿಲ್ಲ. ಕಲ್ಲು ಸಿಕ್ಕಾಗಲೆಲ್ಲ ಜಿಗಿಯುತ್ತಿತ್ತು, ಅವನ ಎದೆಯೂ ಜಿಗಿಯುತ್ತಿತ್ತು. ಮೊದಲ ಸಾಲು ಸೊಟ್ಟಗಾಯಿತು.

“ಅಷ್ಟು ಬಿಗಿ ಹಿಡೀಬ್ಯಾಡ್ರಿ ಕಾಕಾ,” ಬದುವಿನ ಮೇಲಿಂದ ಶಿವದೇವಿ ಕೂಗಿದಳು. “ಸಡ್ಲ ಬಿಡ್ರಿ. ಅದಕ್ಕ ಹಾದಿ ಗೊತ್ತೈತಿ.”

ಅವನು ಹಿಡಿತ ಸ್ವಲ್ಪ ಸಡಿಲಿಸಿ, ಬೆರಳನ್ನು ಮಾತ್ರ ಕ್ಲಚ್ಚಿನ ಮೇಲೆಯೇ ಇಟ್ಟುಕೊಂಡು, ಎರಡನೆಯ ಸಾಲಿಗೆ ತಿರುಗಿದ.